ತೆರಿಗೆ ನೋಟಿಸ್ ಬಂತಾ? ವಕೀಲರನ್ನು ಹೀಗೆ ಹುಡುಕಿ

ಆದಾಯ ತೆರಿಗೆ ಇಲಾಖೆಯಿಂದ ಮೇಲ್ ಬಂದ ಕೂಡಲೇ ಎದೆ ಧಸಕ್ ಅನ್ನುತ್ತದೆ. ಆ ಗಾಬರಿಯಲ್ಲೇ ಯಾರಿಗೋ ಫೋನ್ ಮಾಡಬೇಡಿ. ಮೊದಲು ಆ ಪತ್ರ ಅಸಲಿಯೋ ನಕಲಿಯೋ ನೋಡಿ. 2019ರ ಅಕ್ಟೋಬರ್‌ನಿಂದ ಇಲಾಖೆಯ ಪತ್ರಗಳಿಗೆ ಡಿನ್ (DIN) ಎಂಬ ಗುರುತಿನ ಸಂಖ್ಯೆ ಇರುತ್ತದೆ. ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಲಾಗಿನ್ ಆಗದೆಯೂ ಅದನ್ನು ಹಾಕಿ ಪರೀಕ್ಷಿಸಬಹುದು.

ಅಸಲಿಯೇ ಆದರೆ, ಇದು ಲೆಕ್ಕದ ಜಗಳವಾ, ಕಾನೂನಿನ ಜಗಳವಾ ಅಂತ ಕೇಳಿಕೊಳ್ಳಿ. ಟಿಡಿಎಸ್ (ಸಂಬಳ, ಬಡ್ಡಿ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ತಾಳೆಯಾಗಿಲ್ಲ, ಬ್ಯಾಂಕ್ ಬಡ್ಡಿ ತೋರಿಸಲು ಮರೆತಿದ್ದೀರಿ, ಇಂಥದ್ದಕ್ಕೆ ವಕೀಲರು ಬೇಕಿಲ್ಲ, ಸಿಎ (ಚಾರ್ಟರ್ಡ್ ಅಕೌಂಟೆಂಟ್) ಸಾಕು. ಮೇಲ್ಮನವಿಯಲ್ಲೂ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ (ITAT) ತನಕ ಸಿಎ ವಾದ ಮಾಡಬಹುದು. ಹೈಕೋರ್ಟ್ ಮೆಟ್ಟಿಲು ಹತ್ತಬೇಕಾದರೆ ಮಾತ್ರ ವಕೀಲರೇ ಆಗಬೇಕು.

ಹಾಗಂತ ಅಲ್ಲಿವರೆಗೂ ಕಾಯಬೇಡಿ. ಮನೆ ಅಥವಾ ಅಂಗಡಿ ಮೇಲೆ ದಾಳಿ ಆಗಿದೆ, ಕ್ರಿಮಿನಲ್ ಕೇಸ್ ಹಾಕುವ ಮಾತು ಬಂದಿದೆ ಅಂದರೆ ಮೊದಲ ದಿನವೇ ವಕೀಲರ ಹತ್ತಿರ ಹೋಗಿ. ನೀವು ನಡೆದದ್ದನ್ನು ನಂಬಿ ಹೇಳಿಕೊಂಡರೆ, ನಿಮ್ಮ ಒಪ್ಪಿಗೆ ಇಲ್ಲದೆ ವಕೀಲರು ಅದನ್ನು ಹೊರಗೆ ಹೇಳುವಂತಿಲ್ಲ. ಸಾಕ್ಷ್ಯ ಕಾನೂನೇ ಇದಕ್ಕೆ ಕಾವಲು. ಸಿಎ ಜೊತೆ ಆಡಿದ ಮಾತಿಗೆ ಈ ಕಾವಲಿಲ್ಲ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಇನ್ನು ಹುಡುಕೋದು ಎಲ್ಲಿ? ಗೂಗಲ್‌ನಲ್ಲಿ ಮೇಲೆ ಬರುವ ಜಾಹೀರಾತುಗಳನ್ನು ಬಿಟ್ಟುಬಿಡಿ. ವಕೀಲರನ್ನು ನಿಯಂತ್ರಿಸುವ ಬಾರ್ ಕೌನ್ಸಿಲ್ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡುವಂತಿಲ್ಲ, ಹೆಸರು, ವಿಳಾಸ, ಓದು, ಯಾವ ಬಗೆಯ ಕೇಸು ನೋಡುತ್ತಾರೆ ಎಂಬಷ್ಟನ್ನು ವೆಬ್‌ಸೈಟಿನಲ್ಲಿ ಹಾಕಬಹುದು, ಅಷ್ಟೇ. ನನಗೆ ಇಷ್ಟವಾದ ದಾರಿ ಬೇರೆ. ನ್ಯಾಯಮಂಡಳಿಯ ತೀರ್ಪುಗಳೆಲ್ಲ ಅದರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ನಿಮ್ಮಂಥದ್ದೇ ಸಮಸ್ಯೆಯ ನಾಲ್ಕೈದು ತೀರ್ಪು ತೆಗೆದು ಮೊದಲ ಪುಟ ನೋಡಿ, ತೆರಿಗೆದಾರರ ಪರ ಯಾರು ಹಾಜರಾದರು ಅಂತ ಹೆಸರೇ ಇರುತ್ತದೆ. ಆ ಹೆಸರುಗಳನ್ನು ಬರೆದುಕೊಂಡು ನಿಮ್ಮ ಸಿಎಗೆ ತೋರಿಸಿ. ಯಾರು ಕೆಲಸ ಮಾಡುತ್ತಾರೆ, ಯಾರು ಸುಮ್ನೆ ದಿನಾಂಕ ಮುಂದಕ್ಕೆ ಹಾಕಿಸುತ್ತಾರೆ ಅನ್ನೋದು ಅವರಿಗೆ ಗೊತ್ತಿರುತ್ತದೆ. ಆಮೇಲೆ ವಕೀಲರ ನೋಂದಣಿ ಸಂಖ್ಯೆ ಕೇಳಿ, ರಾಜ್ಯ ಬಾರ್ ಕೌನ್ಸಿಲ್‌ನಲ್ಲಿ ತಾಳೆ ನೋಡಿ. ಇದಕ್ಕೆ ಸಂಕೋಚ ಬೇಡ.

ಮೊದಲ ಭೇಟಿಗೆ ನೋಟಿಸ್, ರಿಟರ್ನ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಾ ತೆಗೆದುಕೊಂಡು ಹೋಗಿ. ಎರಡು ಪ್ರಶ್ನೆ ತಪ್ಪದೆ ಕೇಳಿ. ಒಂದು, ನನ್ನ ಕೇಸಿಗೆ 1961ರ ಆದಾಯ ತೆರಿಗೆ ಕಾಯ್ದೆಯಾ ಅಥವಾ 2026ರ ಏಪ್ರಿಲ್ 1ರಿಂದ ಅನ್ವಯವಾಗುವ ಹೊಸ ಕಾಯ್ದೆಯಾ? ಇನ್ನೊಂದು, ಉತ್ತರವನ್ನು ಯಾರು ಬರೆಯುತ್ತಾರೆ, ನೀವಾ, ನಿಮ್ಮ ಜೂನಿಯರ್ರಾ? ಈಗ ವಿಚಾರಣೆ ಹೆಚ್ಚಾಗಿ ಮುಖಾಮುಖಿ ಇಲ್ಲದೆ, ಆನ್‌ಲೈನ್‌ನಲ್ಲಿ ಬರವಣಿಗೆ ಮೇಲೇ ನಡೆಯುತ್ತದೆ. ಹಾಗಾಗಿ ಚೆನ್ನಾಗಿ ಮಾತಾಡುವವರಿಗಿಂತ ಚೆನ್ನಾಗಿ ಬರೆಯುವವರು ಜಾಸ್ತಿ ಉಪಯೋಗಕ್ಕೆ ಬರುತ್ತಾರೆ, ಅವರು ಬೇರೆ ಊರಿನವರಾದರೂ ತೊಂದರೆಯಿಲ್ಲ.

ಫೀಸ್ ಬರವಣಿಗೆಯಲ್ಲೇ ಇರಲಿ. ಉತ್ತರಕ್ಕೆ ಎಷ್ಟು, ಮೇಲ್ಮನವಿಗೆ ಎಷ್ಟು, ಬೇರೆ ಬೇರೆ ಕೇಳಿ. "ನಿಮಗೆ ಉಳಿಸಿಕೊಟ್ಟ ತೆರಿಗೆಯಲ್ಲಿ ನನಗಿಷ್ಟು ಪಾಲು" ಅನ್ನುವವರಿದ್ದರೆ ಎದ್ದು ಬನ್ನಿ. ವಕೀಲರಿಗೆ ಅಂಥ ಒಪ್ಪಂದ ನಿಷಿದ್ಧ. ಗೆದ್ದೇ ಗೆಲ್ಲಿಸುತ್ತೇನೆ, ಒಳಗೆ ನಮ್ಮವರಿದ್ದಾರೆ ಅನ್ನುವವರ ಬಗ್ಗೆ ಬೇರೆ ಹೇಳಬೇಕಾ?

ಹುಡುಕಾಟದಲ್ಲಿ ದಿನ ಕಳೆಯಬೇಡಿ. ತೆರಿಗೆ ಕಟ್ಟಿ ಎಂಬ ಆದೇಶ ಕೈಸೇರಿದ ಮೇಲೆ ಮೊದಲ ಮೇಲ್ಮನವಿಗೆ ಇರುವುದು 30 ದಿನ. ತಡವಾದರೆ ಕಾರಣ ಕೊಟ್ಟು ಕ್ಷಮೆ ಕೇಳಬೇಕು, ಒಪ್ಪುವುದು ಬಿಡುವುದು ಮೇಲ್ಮನವಿ ಕೇಳುವ ಅಧಿಕಾರಿಗೆ ಬಿಟ್ಟದ್ದು. ನನಗೆ ಗೊತ್ತಿರುವವರೊಬ್ಬರಿಗೆ ಆದೇಶ ಬಂದದ್ದೇ ಗೊತ್ತಾಗಲಿಲ್ಲ, ಯಾಕೆಂದರೆ ಪೋರ್ಟಲ್‌ನಲ್ಲಿ ಇದ್ದದ್ದು ಹಿಂದೆ ಯಾವಾಗಲೋ ರಿಟರ್ನ್ ಹಾಕಿಕೊಟ್ಟವರ ಮೇಲ್ ಐಡಿ! ವಕೀಲರು ಸಿಕ್ಕ ಮೇಲೂ ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ. ಮೇಲ್, ಮೊಬೈಲ್ ಎರಡೂ ನಿಮ್ಮದೇ ಇದೆಯಾ ಅಂತ ಇವತ್ತೇ ಲಾಗಿನ್ ಆಗಿ ನೋಡಿ.