ಡಿಎಲ್ ಹಕ್ಕಾ, ಅನುಮತಿಯಾ? ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದವರಿಗೆ

ನಮಸ್ಕಾರ. ಬೇ ಏರಿಯಾಕ್ಕೆ ಬಂದಿಳಿದವರು ನಮ್ಮ ಸಂಘದವರನ್ನು ಮೊದಲು ಕೇಳುವುದು ಬಾಡಿಗೆ ಮನೆ ಮತ್ತು ಮಕ್ಕಳ ಶಾಲೆ ಬಗ್ಗೆ. ಅದಾದ ಮೇಲೆ ಕಾರು. ಇಲ್ಲಿ ಎಷ್ಟೋ ಕಡೆ ಹಾಲು, ಕೊತ್ತಂಬರಿ ಸೊಪ್ಪು ತರೋದಕ್ಕೂ ಕಾರು ಬೇಕು. ಯಜಮಾನರು ಕಾರು ತೆಗೆದುಕೊಂಡು ಆಫೀಸಿಗೆ ಹೋದರೆ ಮನೆಯಲ್ಲಿರುವವರು ಸಂಜೆವರೆಗೂ ನಾಲ್ಕು ಗೋಡೆ ನೋಡುತ್ತಾ ಕೂರಬೇಕು. ಹಾಗಾಗಿ "ಕಾರು ಓಡಿಸೋದು ನಮ್ಮ ಹಕ್ಕು ಅಲ್ವಾ?" ಅಂತ ಅನಿಸುವುದು ಸಹಜ.

ಡಿಎಂವಿ, ಅಂದರೆ ಇಲ್ಲಿಯ ಆರ್‌ಟಿಒ, ಇದನ್ನು ಪ್ರಿವಿಲೇಜ್ ಅನ್ನುತ್ತದೆ. ಷರತ್ತಿನ ಮೇಲೆ ಕೊಟ್ಟ ಅನುಮತಿ. ಊರಿಂದ ಊರಿಗೆ ಹೋಗುವುದು ನಿಮ್ಮ ಹಕ್ಕು. ಕಾರನ್ನು ನೀವೇ ಓಡಿಸಿಕೊಂಡು ಹೋಗುವುದಕ್ಕೆ ಮಾತ್ರ ಸರ್ಕಾರದ ಒಪ್ಪಿಗೆ ಬೇಕು. ನಮ್ಮೂರಲ್ಲೂ ಹಾಗೇ ಇದೆ. ದೇಶದಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು ಅಂತ ಸಂವಿಧಾನ ಹೇಳುತ್ತದೆ, ಆದರೂ ಗಾಡಿ ಓಡಿಸಬೇಕಾದರೆ ಎಲ್‌ಎಲ್‌ಆರ್ ಮಾಡಿಸಿ, ಎಂಟು ಹಾಕಿ ತೋರಿಸಿಯೇ ಡಿಎಲ್ ತೆಗೆದುಕೊಂಡಿದ್ದೆವು.

ಇಲ್ಲಿ ನೆಲೆಸಿದ 10 ದಿನದೊಳಗೆ ಕ್ಯಾಲಿಫೋರ್ನಿಯಾ ಡಿಎಲ್ ಮಾಡಿಸಬೇಕು. ಪ್ರವಾಸಕ್ಕೆ ಬಂದ ಅಪ್ಪ ಅಮ್ಮ ಊರಿನ ಡಿಎಲ್‌ನಲ್ಲೇ ಓಡಿಸಬಹುದು. ಕೆಲಸಕ್ಕೆ ಬಂದು ಮನೆ ಮಾಡಿದವರಿಗೆ ಆ ಅನುಕೂಲ ಇಲ್ಲ. ಊರಲ್ಲಿ ದುಡ್ಡು ಕೊಟ್ಟು ಮಾಡಿಸಿದ ಇಂಟರ್‌ನ್ಯಾಷನಲ್ ಪರ್ಮಿಟ್ಟನ್ನು ಕ್ಯಾಲಿಫೋರ್ನಿಯಾ ಡಿಎಲ್ ಅಂತ ಒಪ್ಪುವುದೇ ಇಲ್ಲ. 18 ದಾಟಿದವರಿಗೆ ಲಿಖಿತ ಪರೀಕ್ಷೆಯಲ್ಲಿ 36 ಪ್ರಶ್ನೆ, 30 ಸರಿಯಾಗಬೇಕು. ದಯವಿಟ್ಟು ಗಂಡ ಹೆಂಡತಿ ಇಬ್ಬರೂ ಮಾಡಿಸಿಕೊಳ್ಳಿ. ಒಬ್ಬರದ್ದಾದರೆ ಸಾಕು ಅಂತ ಮುಂದೂಡಬೇಡಿ.

ನಮ್ಮವರು ರಸ್ತೆ ಪರೀಕ್ಷೆಯಲ್ಲಿ ಜಾಸ್ತಿ ಎಡವುವುದು ಸ್ಟಾಪ್ ಬೋರ್ಡ್ ಹತ್ತಿರ. ರಸ್ತೆ ಖಾಲಿ ಇದೆ, ಯಾರೂ ಇಲ್ಲ, ಬ್ರೇಕ್ ಮೇಲೆ ಕಾಲಿಟ್ಟು ನಿಧಾನ ಮಾಡಿ ಹಾಗೇ ಮುಂದೆ ಹೋಗಿಬಿಡುತ್ತೇವೆ. ಬೆಂಗಳೂರಿನ ಅಭ್ಯಾಸ. ಇಲ್ಲಿ ಬಿಳಿ ಗೆರೆಗೆ ಮುಂಚೆಯೇ ಚಕ್ರ ಪೂರ್ತಿ ನಿಲ್ಲಬೇಕು. ಕಾರು ನಿಂತಾಗ ಮೈ ಸ್ವಲ್ಪ ಹಿಂದಕ್ಕೆ ಒರಗುತ್ತದಲ್ಲ, ಅದು ಗೊತ್ತಾಗುವವರೆಗೂ ಬ್ರೇಕ್ ಬಿಡಬೇಡಿ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ನೋಡಿ ಹೊರಡಿ.

ಅನುಮತಿ ಅಂದ ಮಾತ್ರಕ್ಕೆ ಯಾವಾಗ ಬೇಕಾದರೂ ಕಿತ್ತುಕೊಳ್ಳಬಹುದು ಅಂತಲ್ಲ. ಜಾರ್ಜಿಯಾ ರಾಜ್ಯದಲ್ಲಿ ಒಬ್ಬ ಪಾದ್ರಿ ಇದ್ದರು. ಮೂರು ಹಳ್ಳಿ ಕಡೆಯ ಊರುಗಳನ್ನು ಕಾರಿನಲ್ಲೇ ಸುತ್ತಿ ಸೇವೆ ಮಾಡುತ್ತಿದ್ದರು. 1968ರಲ್ಲಿ ಸೈಕಲ್ ಓಡಿಸುತ್ತಿದ್ದ ಒಂದು ಮಗು ಬಂದು ಅವರ ಕಾರಿಗೆ ತಾಗಿತು. ಕಾರಿಗೆ ಇನ್ಶೂರೆನ್ಸ್ ಇರಲಿಲ್ಲ. ತಪ್ಪು ಯಾರದ್ದು ಅಂತ ವಿಚಾರಿಸದೆಯೇ ರಾಜ್ಯ ಅವರ ಲೈಸೆನ್ಸ್ ಅಮಾನತಿಗೆ ಕೈಹಾಕಿತು. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದು ತಪ್ಪು ಅಂದಿತು. ಕೊಟ್ಟ ಲೈಸೆನ್ಸ್ ಮನುಷ್ಯನ ಹೊಟ್ಟೆಪಾಡಿಗೆ ಬೇಕಾದದ್ದು, ಅವನ ಮಾತು ಕೇಳದೆ ಕಸಿಯಬಾರದು ಅಂತ. ಬೆಲ್ ವಿರುದ್ಧ ಬರ್ಸನ್ ಅಂತ ಆ ಮೊಕದ್ದಮೆಯ ಹೆಸರು. ವಿಚಾರಣೆ ಕೇಳುವ ನಿಮ್ಮ ಹಕ್ಕಿನ ಹಿಂದೆ ಈ ತೀರ್ಪಿದೆ.

ಆದರೆ ಆ ಹಕ್ಕಿಗೂ ಗಡುವು ಇದೆ. ಕುಡಿದು ಓಡಿಸಿದ ಆರೋಪದಲ್ಲಿ ಪೊಲೀಸರು ಲೈಸೆನ್ಸ್ ತೆಗೆದುಕೊಂಡರೆ ಡಿಎಂವಿ ವಿಚಾರಣೆ ಕೇಳಲು 10 ದಿನ ಮಾತ್ರ. ಬಂಧನವಾದ ಮೇಲೆ ರಕ್ತದ ಅಥವಾ ಉಸಿರಿನ ಪರೀಕ್ಷೆಗೆ ಒಪ್ಪದಿದ್ದರೆ, ಮೊದಲ ಸಲವೇ ಒಂದು ವರ್ಷ ಲೈಸೆನ್ಸ್ ಅಮಾನತು. ಆ ಪರೀಕ್ಷೆಗೆ ಒಪ್ಪಿಗೆ ಇದೆ ಅಂತ ಅರ್ಜಿಯಲ್ಲೇ ಸಹಿ ಹಾಕಿರುತ್ತೀರಿ. ನಮ್ಮಂಥ ವೀಸಾದವರಿಗೆ ಇನ್ನೂ ಒಂದು ಭಯ ಇದೆ. ಕೋರ್ಟು ತಪ್ಪಿತಸ್ಥ ಅನ್ನುವ ಮೊದಲೇ, ಬಂಧನವಾಯಿತು ಅನ್ನುವ ಕಾರಣಕ್ಕೇ ವೀಸಾ ರದ್ದಾಗಬಹುದು. ಹಬ್ಬದ ಊಟಕ್ಕೆ, ಪಾರ್ಟಿಗೆ ಹೋದಾಗ ಒಂದು ಗ್ಲಾಸ್ ಕುಡಿದರೂ ಕೀಲಿ ಬೇರೆಯವರಿಗೆ ಕೊಡಿ. ನಮ್ಮ ಸಂಘದ ಯಾರಿಗೆ ಬೇಕಾದರೂ ಫೋನ್ ಮಾಡಿ, ರಾತ್ರಿ ಎಷ್ಟು ಹೊತ್ತಾದರೂ ಬಂದು ಕರೆದುಕೊಂಡು ಹೋಗುತ್ತೇವೆ.

ಮನೆ ಬದಲಾಯಿಸಿದಾಗಲೂ ಈ 10 ದಿನ ನೆನಪಿರಲಿ. ಡಿಎಂವಿಗೆ ಹೊಸ ವಿಳಾಸ ತಿಳಿಸಲು 10 ದಿನ, ವಲಸೆ ಇಲಾಖೆಗೂ 10 ದಿನ. ಪೋಸ್ಟ್ ಆಫೀಸಿಗೆ ಹೇಳಿದರೆ ಸಾಲದು. ನಾನು ಹಾಗೆ ಮಾಡಿ ಒಂದು ನೋಟಿಸ್ ಹಳೇ ಅಪಾರ್ಟ್‌ಮೆಂಟಿಗೆ ಹೋಗಿತ್ತು. ನನ್ನ ಕೈಗೆ ಸಿಗುವಷ್ಟರಲ್ಲಿ ಉತ್ತರ ಕೊಡುವ ದಿನ ದಾಟಿತ್ತು. ಅಪಘಾತದಲ್ಲಿ ಯಾರಿಗಾದರೂ ಸ್ವಲ್ಪ ಪೆಟ್ಟಾದರೂ, 1,000 ಡಾಲರಿಗಿಂತ ಜಾಸ್ತಿ ನಷ್ಟವಾದರೂ ಎಸ್‌ಆರ್-1 ಅನ್ನುವ ಫಾರ್ಮ್ ಡಿಎಂವಿಗೆ ಕಳಿಸಬೇಕು. ತಪ್ಪು ಎದುರಿನವರದ್ದಾದರೂ ಸರಿ. ಅದಕ್ಕೂ 10 ದಿನವೇ.