ಮೈಸೂರಿನಿಂದ ಮೇಲುಕೋಟೆಗೆ ಸೈಕಲ್ಲಿನಲ್ಲಿ: ಯೋಜಿಸಿದ್ದು ಮತ್ತು ತುಳಿದದ್ದು

ನಮ್ಮ ಸೈಕಲ್ ಕ್ಲಬ್ಬಿನವರು ಭಾನುವಾರ ಬೆಳಗ್ಗೆ ಚಾಮುಂಡಿ ಬೆಟ್ಟ ಹತ್ತಿ ಇಳಿದು, ದೋಸೆ ತಿಂದು, ಒಂಬತ್ತು ಗಂಟೆಯೊಳಗೆ ಮನೆ ಸೇರುವ ಜನ. ಒಂದು ರಾತ್ರಿ ಹೊರಗೆ ತಂಗುವಂಥ ಸಣ್ಣ ಪ್ರವಾಸವೊಂದನ್ನು ಮಾಡಬೇಕೆಂಬ ಮಾತು ಎರಡು ವರ್ಷಗಳಿಂದ ನಡೆದೇ ಇತ್ತು. ಕಳೆದ ಜನವರಿಯಲ್ಲಿ, ಸಂಕ್ರಾಂತಿ ಮುಗಿದ ಮುಂದಿನ ಶನಿವಾರ ಮತ್ತು ಭಾನುವಾರ ಅದನ್ನು ಮಾಡಿಯೇ ಬಿಡುವುದೆಂದು ತೀರ್ಮಾನವಾದಾಗ, ಹೆಚ್ಚು ಮಾತನಾಡಿದ್ದ ತಪ್ಪಿಗೆ ಯೋಜನೆಯ ಹೊಣೆ ನನ್ನ ಹೆಗಲಿಗೆ ಬಿತ್ತು.

ಮೊದಲ ಯೋಜನೆಯನ್ನು ನಾನು ಒಂದೇ ರಾತ್ರಿಯಲ್ಲಿ ಸಿದ್ಧಪಡಿಸಿದೆ. ಶನಿವಾರ ಶ್ರೀರಂಗಪಟ್ಟಣ, ಪಾಂಡವಪುರ, ತೊಣ್ಣೂರು ಕೆರೆಯ ಮೇಲೆ ಹಾದು ಮೇಲುಕೋಟೆಗೆ ಹೋಗುವುದು. ಭಾನುವಾರ ಮಂಡ್ಯಕ್ಕೆ ಇಳಿದು, ಮದ್ದೂರಿನವರೆಗೂ ಹೋಗಿ ವಡೆ ತಿಂದು ಮೈಸೂರಿಗೆ ಹಿಂತಿರುಗುವುದು. ಎರಡನೆಯ ದಿನದ ದೂರ ನೂರು ಕಿಲೋಮೀಟರು ದಾಟುತ್ತಿತ್ತು. ನಾವೆಲ್ಲ ಮೇಷ್ಟ್ರು ಎಂದು ಕರೆಯುವ, ನಿವೃತ್ತಿಯ ಅನಂತರ ಸೈಕಲ್ ಹಿಡಿದ ಹಿರಿಯರೊಬ್ಬರು ಕನ್ನಡಕ ಏರಿಸಿಕೊಂಡು ಆ ಹಾಳೆಯನ್ನು ಎರಡು ಸಲ ಓದಿದರು. ‘ಇದು ನಿಮ್ಮ ಕಾಲಿನ ಲೆಕ್ಕ ಆಯಿತಲ್ಲ. ನಮ್ಮಲ್ಲಿ ಎಲ್ಲರಿಗಿಂತ ನಿಧಾನವಾಗಿ ತುಳಿಯುವವರು ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿರುತ್ತಾರೆ, ಆಗ ಅಲ್ಲಿ ನೆರಳು ಇರುತ್ತದೆಯೋ ಇಲ್ಲವೋ, ಅದನ್ನು ಬರೆದಿದ್ದೀರಾ?’ ಎಂದು ಕೇಳಿದರು. ನಾನು ಬರೆದಿರಲಿಲ್ಲ.

ಹಾಗಾಗಿ ಲೆಕ್ಕವನ್ನು ತಲೆಕೆಳಗು ಮಾಡಿದೆ. ಹನ್ನೊಂದು ಜನರಲ್ಲಿ ಹತ್ತೊಂಬತ್ತರ ಹುಡುಗನೂ ಇದ್ದ, ಅರವತ್ತಮೂರರ ಮೇಷ್ಟ್ರೂ ಇದ್ದರು. ಭಾನುವಾರದ ಸವಾರಿಗಳಲ್ಲಿ ಕಡೆಗೆ ಬರುವವರ ವೇಗ ಸಮತಟ್ಟಿನಲ್ಲಿ ಗಂಟೆಗೆ ಹದಿನಾಲ್ಕು ಕಿಲೋಮೀಟರಿಗೆ ಹತ್ತಿರವಿತ್ತು. ಅದಕ್ಕೆ ನೀರು, ತಿಂಡಿ, ಪಂಚರು, ಚಿತ್ರ ತೆಗೆಯುವ ಚಪಲ ಎಲ್ಲವನ್ನೂ ಸೇರಿಸಿದರೆ ಇಡೀ ಗುಂಪಿಗೆ ಗಂಟೆಗೆ ಹತ್ತರ ಮೇಲೆ ಹಿಡಿಯುವುದು ಆತ್ಮವಂಚನೆ. ಮೊದಲು ನಿಲ್ಲುವ ಜಾಗಗಳನ್ನು ಗುರುತಿಸಿ, ಆಮೇಲೆ ಅವುಗಳ ನಡುವಿನ ದೂರವನ್ನು ತುಂಬಿದೆ. ಮದ್ದೂರು ವಡೆ ಹಾಳೆಯಿಂದ ಬಿದ್ದುಹೋಯಿತು. ತೊಣ್ಣೂರಿನ ಸುತ್ತನ್ನೂ ಸೇರಿಸಿ ಮೊದಲ ದಿನ ಅರವತ್ತು ಕಿಲೋಮೀಟರಿನಷ್ಟು, ಎರಡನೆಯ ದಿನ ಪಾಂಡವಪುರ, ಶ್ರೀರಂಗಪಟ್ಟಣ, ರಂಗನತಿಟ್ಟು, ಬೆಳಗೊಳದ ಮೂಲಕ ಅದಕ್ಕಿಂತ ಸ್ವಲ್ಪ ಕಡಿಮೆ ಎಂದು ನಿಗದಿಯಾಯಿತು.

ಜನವರಿಯನ್ನು ಆರಿಸಿದ್ದಕ್ಕೆ ಮುಖ್ಯ ಕಾರಣ ಬಿಸಿಲು ಹದವಾಗಿರುತ್ತದೆ ಎಂಬುದು; ವೈರಮುಡಿ ಉತ್ಸವ ಬರುವ ಮಾರ್ಚ್–ಏಪ್ರಿಲ್ ದಿನಗಳಲ್ಲಿ ಮೇಲುಕೋಟೆಯಲ್ಲಿ ಸೈಕಲ್ ನಿಲ್ಲಿಸುವುದಿರಲಿ, ಮನುಷ್ಯ ನಿಲ್ಲಲೂ ಜಾಗ ಸಿಗುವುದು ಕಷ್ಟ. ತಂಗಲು ಛತ್ರವೊಂದರಲ್ಲಿ ಹದಿನೈದು ದಿನ ಮೊದಲೇ ಮೂರು ಕೋಣೆ ಕೇಳಿಟ್ಟುಕೊಂಡೆ. ಕೇಳುವಾಗ ಬಿಸಿನೀರಿಗಿಂತ ಮೊದಲು ವಿಚಾರಿಸಿದ್ದು ಸೈಕಲ್ಲುಗಳನ್ನು ರಾತ್ರಿ ಒಳಗೆ ಇಡಲು ಬೀಗ ಹಾಕುವ ಪಡಸಾಲೆ ಇದೆಯೇ ಎಂಬುದನ್ನು. ತಲೆಗೆ ಒಂದೂವರೆ ಸಾವಿರ ರೂಪಾಯಿ ಮೊದಲೇ ಸಂಗ್ರಹಿಸಿದ್ದು ಒಳ್ಳೆಯದಾಯಿತು. ಹೋಟೆಲಿನ ಮುಂದೆ ನಿಂತು ಹನ್ನೊಂದು ಜನ ಚಿಲ್ಲರೆ ಲೆಕ್ಕ ಹಾಕುವ ಸಂಕಟ ತಪ್ಪಿತು.

ಸಾಮಾನು ಹೊರುವ ವಿಷಯದಲ್ಲಿ ಸ್ವಲ್ಪ ಜಗಳವೇ ಆಯಿತು. ಹಿಂದಿನಿಂದ ಕಾರೊಂದು ಬರಲಿ ಎಂದು ಕೆಲವರು, ಅದಾದರೆ ಪ್ರವಾಸವೇ ಅಲ್ಲವೆಂದು ಕೆಲವರು. ನಾನು ಎರಡನೆಯ ಪಕ್ಷದವನು. ಬೆನ್ನ ಹಿಂದೆ ಎಂಜಿನ್ ಸದ್ದು ಕೇಳುತ್ತಿದ್ದರೆ ಪ್ರತಿ ಸಣ್ಣ ಏರಿನಲ್ಲೂ ಹತ್ತಿ ಕುಳಿತುಬಿಡೋಣವೆಂದು ಮನಸ್ಸು ಹೇಳುತ್ತಲೇ ಇರುತ್ತದೆ. ಕೊನೆಗೆ ಗೂಡ್ಸ್ ಆಟೋ ಒಂದರಲ್ಲಿ ಬ್ಯಾಗುಗಳನ್ನು ನೇರವಾಗಿ ಛತ್ರಕ್ಕೆ ಕಳುಹಿಸಿ, ತೀರಾ ಆಗದವರಿಗೆಂದು ಅದರ ಚಾಲಕರನ್ನು ಮೇಲುಕೋಟೆಯ ಏರು ಶುರುವಾಗುವ ಜಕ್ಕನಹಳ್ಳಿಯಲ್ಲಿ ಸಂಜೆಯವರೆಗೆ ಇರುವಂತೆ ಕೇಳಿಕೊಂಡೆವು.

ಹೊರಡುವ ಹಿಂದಿನ ಭಾನುವಾರ ಎಲ್ಲರ ಸೈಕಲ್ಲುಗಳನ್ನೂ ಒಂದೆಡೆ ಸೇರಿಸಿ ನೋಡಿದೆವು. ಬ್ರೇಕ್ ಪ್ಯಾಡು, ಚೈನಿನ ಎಣ್ಣೆ, ಸೀಟಿನ ಎತ್ತರ, ಇವು ಎಲ್ಲರಿಗೂ ಗೊತ್ತಿರುವಂಥವು. ಗೊತ್ತಿರದೆ ಪೇಚಿಗೆ ಸಿಕ್ಕಿಸುವುದು ಟ್ಯೂಬಿನ ಬಾಯಿ. ಹಳ್ಳಿಯ ಪಂಚರ್ ಅಂಗಡಿಯ ಗಾಳಿಯಂತ್ರ ಕಾರು ಮತ್ತು ಬೈಕಿನ ದಪ್ಪ ವಾಲ್ವಿಗೆ ಹೊಂದುತ್ತದೆ. ನಮ್ಮಲ್ಲಿ ಆರು ಜನರ ಸೈಕಲ್ಲಿನಲ್ಲಿದ್ದದ್ದು ತೆಳ್ಳಗಿನ ಪ್ರೆಸ್ಟಾ ವಾಲ್ವ್. ಅದಕ್ಕೆ ಹಾಕುವ ಹಿತ್ತಾಳೆಯ ಅಡಾಪ್ಟರು ಉಗುರಿನಷ್ಟು ದೊಡ್ಡದು, ಬೆಲೆಯೂ ಅಲ್ಪ. ಅದಿಲ್ಲದಿದ್ದರೆ ಅಂಗಡಿಯ ಮುಂದೆಯೇ ನಿಂತು ಕೈಪಂಪು ಒತ್ತಬೇಕಾಗುತ್ತದೆ. ಪ್ರತಿಯೊಬ್ಬರೂ ತಮ್ಮ ಟೈರಿನ ಅಳತೆಯ ಎರಡು ಟ್ಯೂಬುಗಳನ್ನು ಇಟ್ಟುಕೊಳ್ಳುವುದು, ಪಂಪು ಮತ್ತು ಉಪಕರಣಗಳು ಇಡೀ ಗುಂಪಿಗೆ ಮೂರು ಜೊತೆ ಇದ್ದರೆ ಸಾಕು ಎಂದು ಹಂಚಿಕೊಂಡೆವು.

ಶನಿವಾರ ಬೆಳಗ್ಗೆ ಆರೂವರೆಗೆ ಬನ್ನಿಮಂಟಪದ ಬಳಿ ಸೇರಿದಾಗ ಬೆಳಕು ಇನ್ನೂ ಪೂರ್ತಿ ಹರಿದಿರಲಿಲ್ಲ, ಇಬ್ಬನಿ ಕನ್ನಡಕದ ಮೇಲೆ ಕೂರುತ್ತಿತ್ತು. ದಾರಿ ಗೊತ್ತಿದ್ದ ಒಬ್ಬರು ಮುಂದೆ, ಪಂಚರ್ ಹಾಕಬಲ್ಲ ಒಬ್ಬರು ಕಟ್ಟಕಡೆಗೆ, ಮಿಕ್ಕವರು ನಡುವೆ. ಕಡೆಯವರನ್ನು ಯಾರೂ ಹಿಂದೆ ಬಿಡಕೂಡದು, ಮುಂದಿನವರನ್ನು ಯಾರೂ ದಾಟಕೂಡದು, ಪ್ರತಿ ತಿರುವಿನಲ್ಲಿಯೂ ಎಲ್ಲರೂ ಬರುವವರೆಗೆ ನಿಲ್ಲತಕ್ಕದ್ದು. ಇಷ್ಟೇ ನಮ್ಮ ಕಾನೂನು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕು ಮತ್ತು ಆಟೋಗಳಿಗೂ ಪ್ರವೇಶವಿಲ್ಲ, ಇನ್ನು ಸೈಕಲ್ಲಿನ ಮಾತೆಲ್ಲಿ. ಸಿದ್ದಲಿಂಗಪುರದ ಕಡೆಯಿಂದ ಸರ್ವಿಸ್ ರಸ್ತೆಯಲ್ಲಿಯೇ ಹೋದೆವು. ಅಲ್ಲಿ ಎದುರು ದಿಕ್ಕಿನಿಂದ ಬರುವ ಬೈಕುಗಳ ಕಾಟ ವಿಪರೀತ, ಆದ್ದರಿಂದ ಒಬ್ಬರ ಹಿಂದೆ ಒಬ್ಬರಂತೆ ಸಾಲಾಗಿಯೇ ತುಳಿದೆವು.

ಶ್ರೀರಂಗಪಟ್ಟಣದಲ್ಲಿ ಇಡ್ಲಿ ತಿಂದು, 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳನ್ನು ನೋಡುತ್ತ ಹತ್ತು ನಿಮಿಷ ನಿಂತೆವು. ಶ್ರೀರಂಗಪಟ್ಟಣದ ದಸರಾ ಬನ್ನಿಪೂಜೆಗೆ ಹೆಸರಾದ ಕಿರಂಗೂರಿನಿಂದ ಎಡಕ್ಕೆ ತಿರುಗಿದ ಮೇಲೆ ಹೆದ್ದಾರಿಯ ಸದ್ದು ಅಡಗಿ ಕಬ್ಬಿನ ಗದ್ದೆ ಆರಂಭವಾಯಿತು. ಕಬ್ಬು ತುಂಬಿದ ಟ್ರಾಕ್ಟರುಗಳ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಅವುಗಳ ಟ್ರೈಲರ್ ತಿರುವಿನಲ್ಲಿ ಒಂದು ಮಾರು ಪಕ್ಕಕ್ಕೆ ಓಲಾಡುತ್ತದೆ, ಹೊರಗೆ ಚಾಚಿದ ಕಬ್ಬಿನ ತುದಿ ಸರಿಯಾಗಿ ಸವಾರನ ಮುಖದ ಎತ್ತರಕ್ಕೆ ಬರುತ್ತದೆ. ಅವುಗಳನ್ನು ಹಿಂದಿಕ್ಕಲು ಹೋಗದೆ ನಿಂತು ದಾರಿ ಬಿಡುವುದೇ ಲೇಸು. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲಿನ ದಾರಿ ನೆರಳಾಗಿದೆ, ಅಲ್ಲೇ ಹೋಗೋಣ ಎಂದು ಹುಡುಗರು ಒತ್ತಾಯಿಸಿದರು. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸೊಂದು ನಾಲೆಗೆ ಉರುಳಿ ಮೂವತ್ತು ಜನ ತೀರಿಕೊಂಡದ್ದು ಈ ಭಾಗದ ಯಾರಿಗೂ ಮರೆತಿಲ್ಲ. ತಡೆಗೋಡೆಯಿಲ್ಲದ ಏರಿಯ ಮೇಲೆ ಗುಂಪಾಗಿ ಮಾತನಾಡುತ್ತ ಹೋಗುವುದು ಬೇಡವೆಂದು ನಾನು ಒಪ್ಪಲಿಲ್ಲ. ಒಪ್ಪದಿದ್ದುದಕ್ಕೆ ಈಗಲೂ ಬೇಸರವಿಲ್ಲ.

ಪಾಂಡವಪುರ ದಾಟಿದ ಮೇಲೆ ನಡೆದದ್ದನ್ನು ಯಾವ ಯೋಜನೆಯ ಹಾಳೆಯಲ್ಲಿಯೂ ಬರೆದಿರಲಿಲ್ಲ. ಜನವರಿಯೆಂದರೆ ಒಕ್ಕಣೆಯ ಕಾಲ. ಕಣ ಮಾಡುವ ಬದಲು ರಾಗಿ, ಹುರುಳಿಯನ್ನು ಟಾರು ರಸ್ತೆಯ ಮೇಲೆ ಹರಡಿ, ಬಸ್ಸು ಲಾರಿಗಳ ಚಕ್ರದಿಂದಲೇ ಒಕ್ಕಿಸಿಕೊಳ್ಳುವ ಪದ್ಧತಿ ನಮ್ಮ ಕಡೆ ಇದೆ. ರಾಗಿಯ ಮೇಲೆ ಜಾರುತ್ತದೆಯೆಂದು ಎಲ್ಲರಿಗೂ ಎಚ್ಚರಿಸಿದ್ದವನು ನಾನೇ. ಹುರುಳಿಯ ಬಳ್ಳಿ ಏನು ಮಾಡುತ್ತದೆಂದು ನನಗೇ ತಿಳಿದಿರಲಿಲ್ಲ. ಮೊಣಕಾಲುದ್ದದ ಒಣ ಬಳ್ಳಿ ನನ್ನ ಸೈಕಲ್ಲಿನ ಹಿಂದಿನ ಡಿರೇಲರಿನ, ಅಂದರೆ ಗೇರು ಬದಲಿಸುವಾಗ ಚೈನನ್ನು ಪಕ್ಕಕ್ಕೆ ಸರಿಸುವ ಭಾಗದ, ಪುಟ್ಟ ಹಲ್ಲುಗಾಲಿಗಳಿಗೆ ಹಗ್ಗದಂತೆ ಸುತ್ತಿಕೊಂಡಿತು. ಎರಡು ಸುತ್ತು ಪೆಡಲ್ ತುಳಿಯುವಷ್ಟರಲ್ಲಿ ಕಟಕ್ಕೆಂದು ಸದ್ದಾಗಿ ಚೈನು ಬಿಗಿದು ನಿಂತಿತು. ಕಣದ ಪಕ್ಕದಲ್ಲಿ ಕುಳಿತಿದ್ದ ಹಿರಿಯರು ಎದ್ದು ಬಂದು, ‘ಅಯ್ಯೋ, ಸುತ್ತಾಕ್ಕೊಂಡ್‌ಬುಡ್ತಾ? ತಡೀರಿ ಸ್ವಾಮಿ, ಕುಡ್ಲು ತತ್ತೀನಿ’ ಎಂದು ಕುಡುಗೋಲು ತಂದು, ಚೈನಿಗೆ ತಾಗದಂತೆ ಒಂದೊಂದೇ ಎಳೆ ಕತ್ತರಿಸಿ ಕೊಟ್ಟರು. ಅವರ ಮನೆಯವರು ಅಷ್ಟರಲ್ಲಿ ನಮ್ಮ ಗುಂಪಿನ ಹೆಣ್ಣುಮಗಳೊಬ್ಬಳನ್ನು, ‘ನಿಮ್ಗೆ ಬಸ್ಸು ಪುಕ್ಕಟೆ ಅಲ್ವೇನವ್ವಾ, ಯಾಕಿಂಗೆ ತುಳ್ಕೊಂಡ್ ಒದ್ದಾಡ್ತೀಯೆ?’ ಎಂದು ವಿಚಾರಿಸುತ್ತಿದ್ದರು. ಆಕೆಗೆ ಉತ್ತರ ಹೊಳೆಯಲಿಲ್ಲ, ನಗು ಬಂತು.

ಬಳ್ಳಿ ಹೋಯಿತು, ಆದರೆ ಹ್ಯಾಂಗರ್ ಬಾಗಿತ್ತು. ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಈ ಸಣ್ಣ ಅಲ್ಯೂಮಿನಿಯಂ ತುಂಡನ್ನು ಬೇಕೆಂದೇ ಮೃದುವಾಗಿ ಮಾಡಿರುತ್ತಾರೆ; ಪೆಟ್ಟು ಬಿದ್ದಾಗ ಫ್ರೇಮಿನ ಬದಲು ಇದು ಬಾಗಲಿ ಎಂಬ ಉದ್ದೇಶದಿಂದ. ಪ್ರತಿ ಫ್ರೇಮಿಗೂ ಇದರ ಆಕಾರ ಬೇರೆ, ಬೇರೆಯವರದು ನಮಗೆ ಹೊಂದುವುದಿಲ್ಲ, ನನ್ನ ಬಳಿ ಇನ್ನೊಂದು ಇರಲಿಲ್ಲ. ಡಿರೇಲರಿನ ಬೋಲ್ಟಿನ ಗುಳಿಗೆ ಅಲೆನ್ ಕೀ ಹಾಕಿ, ಹಿಂದಿನಿಂದ ನೋಡುತ್ತ ಎರಡು ಹಲ್ಲುಗಾಲಿಗಳೂ ಚೈನಿನ ನೇರಕ್ಕೆ ಬರುವವರೆಗೆ ಮೆಲ್ಲಗೆ ಹೊರಕ್ಕೆ ಎಳೆದೆ. ಜೋರು ಮಾಡಿದರೆ ಮುರಿಯುತ್ತದೆ. ಮುರಿದಿದ್ದರೆ ಡಿರೇಲರನ್ನೇ ಬಿಟ್ಟು, ಚೈನನ್ನು ಗಿಡ್ಡ ಮಾಡಿ ಒಂದೇ ಗೇರಿನಲ್ಲಿ ಹೋಗಬೇಕಿತ್ತು; ಅದಕ್ಕೆ ಬೇಕಾದ ಚೈನ್ ಟೂಲು ಕಡೆಯ ಸವಾರನ ಚೀಲದಲ್ಲಿ ಇತ್ತು. ಕೈಯಂದಾಜಿನ ದುರಸ್ತಿಯಾದ್ದರಿಂದ ಏರಿಗೆ ಬೇಕಾದ ಅತಿ ಹಗುರ ಗೇರನ್ನು ಮಾತ್ರ ಮುಟ್ಟುವಂತಿರಲಿಲ್ಲ. ಆ ಗೇರಿಗೆ ಹಾಕಿದರೆ ಡಿರೇಲರ್ ಚಕ್ರದ ಕಡ್ಡಿಗಳೊಳಗೆ ಸಿಕ್ಕಿಬೀಳುವ ಅಪಾಯವಿತ್ತು.

ತೊಣ್ಣೂರು ಕೆರೆಗೆ ಬಂದಾಗ ಹನ್ನೆರಡೂವರೆ. ಯೋಜನೆಯಲ್ಲಿ ಮೂರು ಗಂಟೆ ಇಲ್ಲಿಯೇ ಇರುವುದೆಂದು ಬರೆದಿದ್ದುದರಿಂದ ದುರಸ್ತಿಗೆ ಹೋದ ಮುಕ್ಕಾಲು ಗಂಟೆ ಯಾರನ್ನೂ ಕಾಡಲಿಲ್ಲ. ರಾಮಾನುಜಾಚಾರ್ಯರ ನೆನಪು ಅಂಟಿಕೊಂಡಿರುವ ಈ ಕೆರೆಯ ನೀರು ತಿಳಿಯಾಗಿದೆ. ಕಟ್ಟಿಕೊಂಡು ತಂದಿದ್ದ ಚಪಾತಿ, ಚಟ್ನಿಪುಡಿ ತಿಂದು ಮರದ ಕೆಳಗೆ ಮಲಗಿದೆವು. ಮೇಷ್ಟ್ರು ಗೊರಕೆ ಹೊಡೆದರು. ನನ್ನ ಮೊದಲ ಯೋಜನೆಯಂತೆ ಹೋಗಿದ್ದರೆ ಅದೇ ಹೊತ್ತಿಗೆ ನಾವು ಜಕ್ಕನಹಳ್ಳಿಯಿಂದ ಮೇಲುಕೋಟೆಯ ಏರನ್ನು ನೆತ್ತಿಸುಡುವ ಬಿಸಿಲಿನಲ್ಲಿ ಹತ್ತುತ್ತಿದ್ದೆವು.

ಆ ಏರನ್ನು ನಾಲ್ಕು ಗಂಟೆ ಕಳೆದ ಮೇಲೆ ಹತ್ತಿದೆವು. ಬಂಡೆಗಳ ನೆರಳು ರಸ್ತೆಗೆ ಬಿದ್ದಿತ್ತು. ಹೊಸಬರಿಗೆ ಹೇಳಿದ್ದು ಇಷ್ಟೇ: ಏರು ಬರುವ ಮೊದಲೇ ಗೇರ್ ಇಳಿಸಿ, ಉಸಿರು ಮಾತಿಗೆ ಸಿಗುವಷ್ಟು ನಿಧಾನಕ್ಕೆ ತುಳಿಯಿರಿ, ಆಗದಿದ್ದರೆ ಇಳಿದು ನಡೆಯಿರಿ, ನಡೆಯುವುದರಲ್ಲಿ ಅವಮಾನವಿಲ್ಲ. ಮೊದಲು ಇಳಿದು ನಡೆದವನು ನಾನೇ. ಹಗುರ ಗೇರಿಲ್ಲದ ಸೈಕಲ್ಲನ್ನು ತಳ್ಳಿಕೊಂಡು ಹೋಗುವಾಗ ಮೇಷ್ಟ್ರು ಪಕ್ಕದಲ್ಲಿ ಟಕಟಕ ತುಳಿಯುತ್ತ ನನ್ನನ್ನು ದಾಟಿ ಹೋದರು, ಒಂದು ಮಾತೂ ಆಡಲಿಲ್ಲ, ಗಂಟೆ ಮಾತ್ರ ಬಾರಿಸಿದರು. ಜಕ್ಕನಹಳ್ಳಿಯ ಗೂಡ್ಸ್ ಆಟೋ ಯಾರಿಗೂ ಬೇಕಾಗದೆ ಖಾಲಿಯಾಗಿ ಹಿಂದಿರುಗಿತು.

ಸಂಜೆ ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು, ಎಲೆಯಲ್ಲಿ ಕೊಟ್ಟ ಪುಳಿಯೋಗರೆಯನ್ನು ಎಷ್ಟು ಸಲ ತರಿಸಿಕೊಂಡೆವೋ ಲೆಕ್ಕವಿಲ್ಲ. ದಿನವಿಡೀ ಬೆವರಿನಲ್ಲಿ ಉಪ್ಪು ಕಳೆದುಕೊಂಡ ದೇಹಕ್ಕೆ ಹುಣಿಸೆ, ಉಪ್ಪು, ಎಣ್ಣೆ ಒಟ್ಟಿಗೆ ಸಿಕ್ಕರೆ ಏನಾಗುತ್ತದೆಂಬುದನ್ನು ಸೈಕಲ್ ತುಳಿದು ಹೋದವರೇ ಬಲ್ಲರು. ಕತ್ತಲಾಗುವ ಮೊದಲು ಗಟ್ಟಿಕಾಲಿನ ನಾಲ್ವರು ಯೋಗನರಸಿಂಹಸ್ವಾಮಿಯ ಬೆಟ್ಟವನ್ನೂ ಹತ್ತಿ ಬಂದರು. ಮಿಕ್ಕವರು ಕೆಳಗಿನಿಂದಲೇ ಕೈಮುಗಿದೆವು.

ಮರುದಿನದ ಸವಾರಿಯಲ್ಲಿ ಹೇಳುವಂಥದ್ದು ಕಡಿಮೆ. ಇಳಿಜಾರಿನಲ್ಲಿ ಒಬ್ಬರಿಂದ ಒಬ್ಬರಿಗೆ ಐದಾರು ಸೈಕಲ್ಲಿನಷ್ಟು ಅಂತರ ಬಿಟ್ಟು, ಬ್ರೇಕನ್ನು ಒತ್ತಿಯೇ ಹಿಡಿಯದೆ ಬಿಟ್ಟುಬಿಟ್ಟು ಹಿಡಿಯುತ್ತ ಜಕ್ಕನಹಳ್ಳಿಗೆ ಬಂದೆವು. ಪಾಂಡವಪುರದ ಬಳಿ ಆಲೆಮನೆಯೊಂದರಲ್ಲಿ ಕೊಪ್ಪರಿಗೆಯಿಂದ ಆಗತಾನೇ ಇಳಿದ ಬಿಸಿಬೆಲ್ಲವನ್ನು ಕಬ್ಬಿನ ಸಿಪ್ಪೆಯ ಮೇಲೆ ಹಾಕಿಕೊಟ್ಟರು, ಹಣ ಕೊಡಹೋದರೆ ಬೈದರು. 1940ರಲ್ಲಿ ಪಕ್ಷಿಧಾಮವೆಂದು ಘೋಷಣೆಯಾದ ರಂಗನತಿಟ್ಟಿನಲ್ಲಿ ದೋಣಿಯ ಸಾಲು ಉದ್ದವಿದ್ದುದರಿಂದ ದಂಡೆಯಿಂದಲೇ ಹೆಜ್ಜಾರ್ಲೆಗಳನ್ನು ನೋಡಿದೆವು. ಬೆಳಗೊಳ ದಾಟಿ ಮೇಟಗಳ್ಳಿಗೆ ಬಂದಾಗ ಎರಡು ಗಂಟೆ. ಎರಡು ದಿನಕ್ಕೆ ಮೂರು ಪಂಚರು, ಮೂರೂ ಜಾಲಿಮುಳ್ಳಿನವು, ಹಣದಲ್ಲಿ ತಲೆಗೆ ಇನ್ನೂರರಷ್ಟು ಉಳಿದಿತ್ತು.

ಮನೆಯಲ್ಲಿ ಚೈನು ತೊಳೆಯಲು ಡಿರೇಲರ್ ಬಿಚ್ಚಿದಾಗ ಹಲ್ಲುಗಾಲಿಯ ಹಿಂದಿನಿಂದ ಹುರುಳಿಯ ಒಂದು ಎಳೆ ಹೊರಬಂತು, ತುದಿಯಲ್ಲಿ ಒಡೆಯದ ಕಾಯಿ ಇನ್ನೂ ಹಾಗೆಯೇ ಇತ್ತು. ಹ್ಯಾಂಗರನ್ನು ಎರಡು ತರಿಸಿದೆ. ಒಂದು ಸೈಕಲ್ಲಿನಲ್ಲಿದೆ, ಇನ್ನೊಂದನ್ನು ಪ್ರೆಸ್ಟಾ ಅಡಾಪ್ಟರಿನ ಜೊತೆ ಅದೇ ಡಬ್ಬಿಯಲ್ಲಿ ಇಟ್ಟಿದ್ದೇನೆ.