ಪೆನ್ಸಿಲ್ ಕೈಯಲ್ಲಿರುವಾಗಲೇ ತಿದ್ದುವುದು

ಮಕ್ಕಳು ತಾವಾಗಿ ಲೆಕ್ಕ ಬಿಡಿಸುವ ಹದಿನೈದು ನಿಮಿಷ ಟೀಚರಿಗೆ ಬಿಡುವಿನ ಹೊತ್ತಲ್ಲ. ನೋಟ್‌ಬುಕ್ ಒಯ್ದು ಮರುದಿನ ತಿದ್ದಿ ಕೊಡುವಷ್ಟರಲ್ಲಿ ಮಗು ಅದೇ ತಪ್ಪನ್ನು ಹತ್ತು ಸಲ ಮಾಡಿ ರೂಢಿ ಮಾಡಿಕೊಂಡಿರುತ್ತದೆ. ಅದಕ್ಕೇ ನಾನು ಬೆಂಚುಗಳ ನಡುವೆ ಓಡಾಡುತ್ತಲೇ ತಿದ್ದುತ್ತೇನೆ.

ಓಡಾಟಕ್ಕಿಂತ ಮೊದಲಿನ ತಯಾರಿ ದೊಡ್ಡದು. ಕೊಡುವ ಪ್ರತಿ ಲೆಕ್ಕಕ್ಕೂ ಸರಿ ಉತ್ತರದ ಜೊತೆ ಬರಬಹುದಾದ ತಪ್ಪು ಉತ್ತರಗಳನ್ನೂ ಒಂದು ರಟ್ಟಿನ ಮೇಲೆ ಬರೆದುಕೊಳ್ಳುತ್ತೇನೆ. 503ರಲ್ಲಿ 178 ಕಳೆದರೆ 325. ಮಗು 475 ಬರೆದಿದ್ದರೆ ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ. 335 ಬರೆದಿದ್ದರೆ ಒಂದು ನೂರನ್ನು ಹತ್ತು ದಶಕ ಮಾಡಿಕೊಂಡಿದೆ, ಆದರೆ ಅದರಲ್ಲೊಂದನ್ನು ಬಿಡಿಗೆ ಕೊಟ್ಟ ಮೇಲೆ ಉಳಿಯುವುದು 9 ಎಂಬುದನ್ನು ಮರೆತಿದೆ. ಎರಡೂ ತಪ್ಪೇ, ಆದರೆ ಎರಡಕ್ಕೂ ಒಂದೇ ಮಾತು ಸಾಲದು.

ಮೊದಲ ಸುತ್ತು ಎರಡೇ ನಿಮಿಷ, ಮಾತಿಲ್ಲದೆ. ಎಲ್ಲರೂ ಶುರು ಮಾಡಿದರೇ, ಬಿಡಿಯ ಕೆಳಗೆ ಬಿಡಿ ಬಂದಿದೆಯೇ, ಅಷ್ಟೇ. ಎರಡನೆಯದನ್ನು ಹಿಂದಿನ ದಿನ ತಡವರಿಸಿದವರಿಂದ ಶುರು ಮಾಡುತ್ತೇನೆ. ಆಗ ಕಣ್ಣು ಸೊನ್ನೆಯ ಮೇಲೆ ಮಾತ್ರ. ಕೈಬರಹ ಕೆಟ್ಟದಾಗಿದ್ದರೂ ಆ ಹೊತ್ತಿಗೆ ಬಾಯಿ ಬಿಡಬಾರದು. ಎರಡು ವಿಷಯ ಒಟ್ಟಿಗೆ ಹೇಳಿದರೆ ಮಗು ಸುಲಭವಾದದ್ದನ್ನು ತಿದ್ದಿ ಕಷ್ಟದ್ದನ್ನು ಹಾಗೇ ಬಿಡುತ್ತದೆ. ನಲವತ್ತು ಮಕ್ಕಳಿಗೆ ತಲಾ 15 ಸೆಕೆಂಡ್ ಎಂದರೆ ಹತ್ತು ನಿಮಿಷ. ಒಬ್ಬರ ಬಳಿ ಮೂರು ನಿಮಿಷ ಕೂತರೆ ಹನ್ನೆರಡು ಮಕ್ಕಳ ಪಾಲು ಹೋಯಿತು.

ಮಗುವಿನ ಕೈಯಿಂದ ಪೆನ್ಸಿಲ್ ತೆಗೆದುಕೊಳ್ಳಬೇಡಿ. ತಪ್ಪಿದ ಲೆಕ್ಕದ ಪಕ್ಕ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟು, ಪಕ್ಕದವರಿಗೆ ಕೇಳಿಸದಂತೆ ಒಂದೇ ಪ್ರಶ್ನೆ ಕೇಳಿ. 335ಕ್ಕೆ: "ಇಲ್ಲಿ ಹತ್ತಿತ್ತು, ಒಂದನ್ನು ಆ ಕಡೆ ಕೊಟ್ಟೆಯಲ್ಲ, ಈಗ ಎಷ್ಟಿದೆ?" 475ಕ್ಕೆ: "ನಿನ್ನ ಹತ್ತಿರ ಇರೋದು ಮೂರು, ಎಂಟು ಕೊಡೋಕಾಗುತ್ತಾ?" ಸರಿ ಮಾಡಿದವರಿಗೂ ಬರೀ "ಗುಡ್" ಸಾಲದು. "ಸೊನ್ನೆ 9 ಆಗಿದ್ದು ಹೇಗೆ?" ಎಂದು ಕೇಳಿದರೆ ಪಕ್ಕದ ನೋಟ್‌ಬುಕ್ಕಿನಿಂದ ಬಂದ ಉತ್ತರವೂ ಗೊತ್ತಾಗುತ್ತದೆ.

ಬಹಳ ಜನ ತಪ್ಪುವುದು ಇದರ ಮುಂದೆ. "ಅರ್ಥವಾಯ್ತಾ?" ಎಂದರೆ ಮಗು "ಹೂಂ" ಎನ್ನುತ್ತದೆ, ನಾವು ಮುಂದೆ ಹೋಗುತ್ತೇವೆ. ಆ "ಹೂಂ" ನಂಬಬಾರದು. ಎರಡು ನಿಮಿಷದೊಳಗೆ ಮರಳಿ ಬಂದು, ಚುಕ್ಕೆ ಇಟ್ಟ ಲೆಕ್ಕವನ್ನೂ ಅದರ ಮುಂದಿನದನ್ನೂ ನೋಡಲೇಬೇಕು. ಮುಂದಿನದು ಸರಿಯಿದ್ದರೆ ಮಾತ್ರ ಹೇಳಿದ್ದು ತಲುಪಿದೆ.

ಓಡಾಡುವಾಗ ರಟ್ಟಿನಲ್ಲಿ ಆಯಾ ತಪ್ಪು ಉತ್ತರದ ಎದುರು ಗೀಟು ಹಾಕುತ್ತೇನೆ. ನಾಲ್ಕೈದು ಗೀಟಾದರೆ ಆ ಮಕ್ಕಳನ್ನು ಕೊನೆಗೆ ಒಂದೆಡೆ ಕೂರಿಸಿಕೊಂಡರೆ ಸಾಕು. ಹನ್ನೆರಡು ದಾಟಿದರೆ ಪಾಠವೇ ಸರಿಯಾಗಿ ತಲುಪಿಲ್ಲ. ಆಗ ಎಲ್ಲರ ಪೆನ್ಸಿಲ್ ಕೆಳಗಿಡಿಸಿ, ಬೋರ್ಡಿನ ಮೇಲೆ ಅದೇ ಬಗೆಯ ಇನ್ನೊಂದು ಲೆಕ್ಕ ಮಾಡಿ ತೋರಿಸುತ್ತೇನೆ. ಒಂದು ಅವಧಿಯಲ್ಲಿ ಹೀಗೆ ನಿಲ್ಲಿಸುವುದು ಒಂದೇ ಸಲ. ಪದೇ ಪದೇ ನಿಲ್ಲಿಸಿದರೆ ಸರಿಯಾಗಿ ಯೋಚಿಸುತ್ತಿದ್ದ ಮಕ್ಕಳ ಎಳೆಯೂ ಕಡಿಯುತ್ತದೆ.